ಯಾರೂ ತಕರಾರು ಮಾಡದ ದೋಣಿಕಟ್ಟೆ

ಕೊರೊನಾ ಮುಗಿದು ಬಸ್ಸುಗಳು ಮತ್ತೆ ಮೊದಲಿನಂತೆ ತುಂಬಿ ಓಡಾಡತೊಡಗಿದ ವರ್ಷ, ನಾನು ಬಸವನ ಬಾಗೇವಾಡಿ ಕಡೆಯ ಹಿನ್ನೀರು ಉಪವಿಭಾಗಕ್ಕೆ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್ ಆಗಿ ವರ್ಗವಾಗಿ ಬಂದೆ. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ನಾನು ಹುಟ್ಟಿದ್ದು ಸಿಂದಗಿ ತಾಲ್ಲೂಕಿನ ಯಂಕಂಚಿಯಲ್ಲಿ. ನೌಕರಿಯ ಬಹುಪಾಲನ್ನು ಇಂಡಿ, ಮುದ್ದೇಬಿಹಾಳಗಳ ಕಾಲುವೆ ದಂಡೆಯ ಮೇಲೆ ಕಳೆದವಳು. ಕಾಲುವೆಯ ನೀರು ಹೇಳಿದ ಮಾತು ಕೇಳುತ್ತದೆ. ಗೇಟು ಎತ್ತಿದರೆ ಹರಿಯುತ್ತದೆ, ಇಳಿಸಿದರೆ ನಿಲ್ಲುತ್ತದೆ. ದೋಣಿಗಳ ವಿಷಯ ನನಗೆ ಏನೂ ಗೊತ್ತಿರಲಿಲ್ಲ. ಈಜು ಅಂತೂ ಇಂದಿಗೂ ಬರುವುದಿಲ್ಲ.

ಮುಂದಿನದು ಅರ್ಥವಾಗಬೇಕಾದರೆ ಜಲಾಶಯದ ಒಂದು ಗುಣ ತಿಳಿದಿರಬೇಕು. ಜಲಾಶಯ ಪೂರ್ತಿ ತುಂಬಿದಾಗ ನೀರು ಎಲ್ಲಿಯ ತನಕ ಬರುತ್ತದೆಯೋ ಆ ಗೆರೆಯನ್ನು ನಮ್ಮ ಇಲಾಖೆಯ ಭಾಷೆಯಲ್ಲಿ ಎಫ್.ಆರ್.ಎಲ್. ಎನ್ನುತ್ತಾರೆ. ಗೆರೆಯ ಕೆಳಗಿನ ನೆಲವೆಲ್ಲ ಸರ್ಕಾರದ್ದು. ಅಣೆಕಟ್ಟು ಕಟ್ಟುವಾಗಲೇ ರೈತರಿಂದ ಸ್ವಾಧೀನಕ್ಕೆ ತೆಗೆದುಕೊಂಡದ್ದು. ಆದರೆ ನೀರು ಆ ಗೆರೆಯಲ್ಲಿ ನಿಲ್ಲುವುದು ಮಳೆಗಾಲದ ನಡುವಿನಿಂದ ದೀಪಾವಳಿಯ ಆಸುಪಾಸಿನವರೆಗೆ ಮಾತ್ರ. ಆಮೇಲೆ ಮೆಲ್ಲಗೆ ಹಿಂದೆ ಸರಿಯುತ್ತದೆ. ಬೇಸಿಗೆಯ ಹೊತ್ತಿಗೆ ಕೆಲವು ಕಡೆ ಒಂದು ಮೈಲಿಗಿಂತ ದೂರ ಹೋಗಿರುತ್ತದೆ. ಸರಿದ ಜಾಗದಲ್ಲಿ ಮುಳುಗಿದ ಹೊಲಗಳು ಮತ್ತೆ ಏಳುತ್ತವೆ. ಆ ಹಸಿ ನೆಲದಲ್ಲಿ ಹಳೆಯ ಮಾಲೀಕರು, ಈಗ ಅವರ ಮಕ್ಕಳು, ಜೋಳ ಕಡಲೆ ಬಿತ್ತುತ್ತಾರೆ. ಬದು ಅಳಿಸಿಹೋಗಿದ್ದರೂ ಯಾರ ಹೊಲ ಎಲ್ಲಿಗೆ ಮುಗಿಯುತ್ತದೆಂದು ಎಲ್ಲರಿಗೂ ಗೊತ್ತು. ನಾವು ನೋಡಿಯೂ ನೋಡದಂತೆ ಇರುತ್ತಿದ್ದೆವು. ಪ್ರತಿ ವರ್ಷದ ವರದಿಯಲ್ಲಿ ‘ಅತಿಕ್ರಮಣ ಇಲ್ಲ’ ಎಂದೇ ಬರೆಯುತ್ತಿದ್ದೆವು.

ಊರಿನ ಹೆಸರು ಹೇಳುವುದಿಲ್ಲ. ಎರಡು ಹಳ್ಳಗಳ ನಡುವಿನ ದಿಬ್ಬದ ಮೇಲೆ ಪುನರ್ವಸತಿಯಾದ ಊರು ಅದು. ಎದುರಿನ ದಡ ಕಡಿದಾದ ಕಲ್ಲುನೆಲ. ಅಲ್ಲಿ ಇಳಿದು ನಾಲ್ಕು ಹೆಜ್ಜೆ ಏರಿದರೆ ಡಾಂಬರು ರಸ್ತೆ, ಬಾಗೇವಾಡಿಗೆ ಟಂಟಂ ಸಿಗುತ್ತದೆ. ದೋಣಿ ಬಿಟ್ಟು ರಸ್ತೆಯಲ್ಲೇ ಹೋಗುತ್ತೇನೆಂದರೆ ಹಳ್ಳವನ್ನು ಬಳಸಿಕೊಂಡು ಮೂವತ್ತು ಕಿಲೋಮೀಟರಿಗೂ ಹೆಚ್ಚು ಸುತ್ತು. ಆ ರಸ್ತೆಯಲ್ಲಿ ಬಸ್ಸು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ.

ದೋಣಿ ಇಮಾಮಸಾಬನದು. ಅರವತ್ತು ದಾಟಿದ ಗಟ್ಟಿ ಆಳು. ಇಂಜಿನ್ನು ಕೂಡಿಸಿದ ಆ ದೋಣಿಗೆ ಲೈಸೆನ್ಸು ಇತ್ತು, ತೊಡಲು ಜಾಕೆಟ್ಟುಗಳೂ ಇದ್ದವು. ತೊಂದರೆ ಇದ್ದದ್ದು ಊರಿನ ಕಡೆಯ ದಡದಲ್ಲಿ. ನೀರು ಸರಿದ ಎರೆಮಣ್ಣೆಂದರೆ ಹುದುಲು. ಕಾಲಿಟ್ಟರೆ ಮೊಣಕಾಲು ಮುಳುಗುತ್ತದೆ. ಅದಕ್ಕೆಂದೇ ಅವನು ಖಾಲಿ ಪ್ಲಾಸ್ಟಿಕ್ ಡ್ರಮ್ಮುಗಳ ಮೇಲೆ ಹಲಗೆ ಬಿಗಿದು ಒಂದು ಅಟ್ಟ ಮಾಡಿದ್ದ. ಗಟ್ಟಿ ನೆಲದಿಂದ ನೀರಿನ ತನಕ ಹಲಗೆಯ ದಾರಿ, ತುದಿಯಲ್ಲಿ ದೋಣಿ ಕಟ್ಟುವ ಗೂಟ. ನೀರು ಸರಿದಂತೆಲ್ಲ ಊರಿನ ನಾಲ್ಕು ಜನ ಸೇರಿ ಅಟ್ಟವನ್ನು ಮುಂದಕ್ಕೆ ಎಳೆಯುತ್ತಿದ್ದರು. ಬಿತ್ತುವವರು ಕೂಡ ತಮ್ಮ ತಮ್ಮ ಹೊಲದ ನಡುವೆ ಅದಕ್ಕೊಂದು ಪಟ್ಟಿ ನೆಲ ಬಿಟ್ಟು ಬಿತ್ತುತ್ತಿದ್ದರು. ಅದಕ್ಕೆ ‘ದೋಣಿದಾರಿ’ ಎಂದು ಹೆಸರು. ಇದನ್ನು ಯಾರೂ ಯಾರಿಗೂ ಹೇಳಿ ಮಾಡಿಸಿದ್ದಲ್ಲ.

ಆ ಅಟ್ಟದ ಮೇಲೆ ವಾರಕ್ಕೆ ಎರಡು ಸಲ ತಪ್ಪದೆ ನಡೆಯುತ್ತಿದ್ದವಳು ಶಾಂತವ್ವ. ಊರಿನಲ್ಲಿ ಹಿಟ್ಟಿನ ಗಿರಣಿ ಅವಳದು. ಗಂಡ ತೀರಿಕೊಂಡ ಮೇಲೆ ಒಬ್ಬಳೇ ನಡೆಸುತ್ತಿದ್ದಳು. ಐವತ್ತರ ವಯಸ್ಸು, ಹರಿತ ನಾಲಿಗೆ. ಎರಡು ವರ್ಷದ ಹಿಂದೆ ಅವಳ ಕಿಡ್ನಿಗಳು ಕೆಲಸ ನಿಲ್ಲಿಸಿದ್ದವು. ಬಾಗೇವಾಡಿಯ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಮಾಡಿಸಿಕೊಳ್ಳಲೇಬೇಕಿತ್ತು; ಅಂದರೆ ಮೈಯ ರಕ್ತವನ್ನು ಯಂತ್ರದಲ್ಲಿ ತೊಳೆದು ಮತ್ತೆ ಮೈಗೆ ಬಿಡುವುದು. ತಪ್ಪಿದರೆ ಮೈ ಬಾತು ಉಸಿರು ಕಟ್ಟುತ್ತದೆ. ಬೆಳಿಗ್ಗೆ ದೋಣಿ ಹತ್ತಿ ಹೋಗಿ, ಮಧ್ಯಾಹ್ನ ಮರಳಿ, ಸಂಜೆ ಗಿರಣಿ ಶುರು ಮಾಡುತ್ತಿದ್ದಳು. ನಾನು ಮೊದಲ ಸಲ ಅವಳನ್ನು ಕಂಡಾಗ ಮುಖಕ್ಕೆಲ್ಲ ಹಿಟ್ಟು ಬಡಿದಿತ್ತು.

“ಬಾಯಾರ, ದೂರ ನಿಂದರ್ರಿ. ನಿಮ್ಮ ಸೀರಿ ಜ್ವಾಳದ ಹಿಟ್ಟಾಗತೈತಿ,” ಎಂದಿದ್ದಳು.

ಆ ವರ್ಷ ಬೇರೆಲ್ಲೋ ಒಂದು ದೋಣಿ ಮಗುಚಿತು. ನಮ್ಮ ಜಿಲ್ಲೆಯಲ್ಲಲ್ಲ. ಆದರೂ ಸುತ್ತೋಲೆ ನಮಗೂ ಬಂತು. ಸಾರ್ವಜನಿಕ ನೀರಿನಲ್ಲಿ ದೋಣಿಕಟ್ಟೆಯಾಗಲಿ, ದೋಣಿ ಕಟ್ಟುವ ಗೂಟವಾಗಲಿ, ಪರವಾನಿಗೆ ಇಲ್ಲದೆ ಇರಕೂಡದು. ಇದ್ದವರು ಅರ್ಜಿ ಹಾಕಬೇಕು. ಯುಗಾದಿಯ ನಂತರ ಪರವಾನಿಗೆ ಇಲ್ಲದ್ದನ್ನೆಲ್ಲ ತೆಗೆಸಬೇಕು. ನಿಯಮ ತಪ್ಪೆಂದು ಅಂದೂ ಅನ್ನಿಸಲಿಲ್ಲ, ಇಂದೂ ಅನ್ನಿಸುವುದಿಲ್ಲ. ಜನ ಮುಳುಗಿ ಸತ್ತ ಮೇಲೆ ಯಾರೋ ಒಬ್ಬರು ನಿಯಮ ಮಾಡಲೇಬೇಕಲ್ಲ.

ಇಮಾಮಸಾಬ ಅರ್ಜಿ ಹಾಕಿದ. ಅರ್ಜಿಯ ನಮೂನೆ ಸಮುದ್ರದ ಕಡೆಯವರಿಗಾಗಿ ಮಾಡಿದ್ದು. ಅದರಲ್ಲೊಂದು ಅಂಕಣ: ‘ಸ್ಥಳದಲ್ಲಿ ಉಬ್ಬರ ಇಳಿತಗಳ ಅಂತರ’. ಜಂಟಿ ಪರಿಶೀಲನೆಗೆ ಕರಾವಳಿಯ ಸರ್ವೇಯರರೊಬ್ಬರು ಬಂದಿದ್ದರು. ಸಜ್ಜನರು, ನಮ್ಮ ಬಿಸಿಲಿಗೆ ಕಂಗಾಲಾಗಿದ್ದರು. ಅಂಕಣದ ಮುಂದೆ ಪೆನ್ನು ಹಿಡಿದು, “ಇಲ್ಲಿ ಇಳಿತ ಎಷ್ಟು ಹೊತ್ತು ಇರ್ತದೆ ಮೇಡಂ?” ಎಂದು ಕೇಳಿದರು.

“ಏಳೆಂಟು ತಿಂಗಳು,” ಎಂದೆ.

ಅವರು ನಕ್ಕರು. ನಾನು ನಗಲಿಲ್ಲವೆಂದು ಗೊತ್ತಾಗಿ ಪೆನ್ನು ಮುಚ್ಚಿಟ್ಟರು. ಸಮುದ್ರದಲ್ಲಿ ನೀರು ಇಳಿದರೆ ಆರು ತಾಸಿನಲ್ಲಿ ಮತ್ತೆ ಏರುತ್ತದೆ. ಒಂದೇ ಜಾಗದಲ್ಲಿ ಗಟ್ಟಿ ಕಟ್ಟೆ ಕಟ್ಟಿದರೆ ಸಾಕು. ನಮ್ಮಲ್ಲಿ ಎಫ್.ಆರ್.ಎಲ್.ನಲ್ಲಿ ಕಟ್ಟೆ ಕಟ್ಟಿದರೆ ವರ್ಷದ ಬಹುಭಾಗ ಅದರ ಮೇಲೆ ದನ ಮಲಗುತ್ತವೆ. ಇದು ಸರ್ವೇಯರರಿಗೆ ಕೂಡಲೇ ಅರ್ಥವಾಯಿತು. ನನ್ನ ಮೇಲಧಿಕಾರಿಗೂ ಅರ್ಥವಾಗಿತ್ತು. ಆ ಇಡೀ ಪ್ರಕರಣದಲ್ಲಿ ಅರ್ಥವಾಗದವರು ಒಬ್ಬರೂ ಇರಲಿಲ್ಲ. ಅರ್ಥವಾಗುವುದೇ ಒಂದು, ಕಾಗದದ ಮೇಲೆ ಬರುವುದೇ ಇನ್ನೊಂದು.

ನಿಯಮದ ಪ್ರಕಾರ ಕಟ್ಟೆಗೊಂದು ಸರ್ವೇ ನಂಬರು ಬೇಕು. ನಮ್ಮ ಅಟ್ಟವೋ ದೀಪಾವಳಿಗೆ ಒಂದು ನಂಬರಿನಲ್ಲಿ, ಸಂಕ್ರಾಂತಿಗೆ ಇನ್ನೊಂದರಲ್ಲಿ, ಹೋಳಿಗೆ ಮತ್ತೊಂದರಲ್ಲಿ. ಕೊನೆಗೆ ನಾನೂ ಸರ್ವೇಯರರೂ ಕೂತು ಒಂದು ದಾರಿ ಹುಡುಕಿದೆವು. ದೋಣಿದಾರಿ ಹಾದುಹೋಗುವ ಅಷ್ಟೂ ಸರ್ವೇ ನಂಬರುಗಳನ್ನು ನಕ್ಷೆಯಲ್ಲಿ ಒಂದು ಪಟ್ಟಿಯಾಗಿ ತೋರಿಸುವುದು, ಪಟ್ಟಿಯುದ್ದಕ್ಕೂ ‘ಚಲಿಸುವ ಕಟ್ಟೆ’ಗೆ ಒಂದೇ ಪರವಾನಿಗೆ ಕೇಳುವುದು. ನಿಯಮದಲ್ಲಿ ಇದಕ್ಕೆ ಅಡ್ಡಿ ಇರಲಿಲ್ಲ. ಇಪ್ಪತ್ತು ವರ್ಷ ಕಡತ ನೋಡಿದ ಕಣ್ಣಿಗೆ ಇದು ಆಗುವ ಕೆಲಸವೆಂದೇ ಕಂಡಿತು. ಆ ಸಂಜೆ ಖುಷಿಯಿಂದ ಸರ್ವೇಯರರಿಗೆ ಖಡಕ್ ರೊಟ್ಟಿ, ಎಣ್ಣೆಗಾಯಿ ಊಟ ಹಾಕಿಸಿದೆ. ಶೇಂಗಾ ಚಟ್ನಿ ತಿಂದು ಅವರ ಕಣ್ಣಲ್ಲಿ ನೀರು ಬಂತು.

ಉಳಿದದ್ದು ಒಂದೇ ಹಂತ. ಊರಿನಲ್ಲಿ ನೋಟೀಸು ಹಚ್ಚಿ, ತಕರಾರು ಇದ್ದವರು ತಿಂಗಳೊಳಗೆ ಬರೆದು ಕೊಡಿ ಎಂದು ಕೇಳಬೇಕು. ತಕರಾರು ಬರದಿದ್ದರೆ ಕಡತ ಮೇಲೆ ಹೋಗುತ್ತದೆ. ನೋಟೀಸಿನಲ್ಲಿ ಸರ್ವೇ ನಂಬರುಗಳನ್ನೆಲ್ಲ ಸಾಲಾಗಿ ಬರೆದು ಪಂಚಾಯಿತಿಯ ಗೋಡೆಗೆ ಅಂಟಿಸಿ ಬಂದೆವು.

ಮರುವಾರದಿಂದ ನನ್ನ ಕಚೇರಿಗೆ ಜನ ಬರತೊಡಗಿದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕಾಗದ. ಮೊದಲು ಬಂದವರು ಚನ್ನಪ್ಪ ಮುತ್ಯಾ, ಊರಿನ ಹಿರಿಯರು. ದೋತರ ಉಟ್ಟು, ತಲೆಗೆ ಪಟಗ ಸುತ್ತಿ, ಮದುವೆಗೆ ಹೊರಟವರಂತೆ ಬಂದಿದ್ದರು.

“ತಕರಾರು ಏನರ ಐತೇನ್ರಿ ಮುತ್ಯಾ?” ಎಂದೆ.

“ತಕರಾರು ಯಾಕ್ ಮಾಡ್ಲೆವ್ವಾ? ನನ್ನ ಹೊಲದಾಗ ದೋಣಿಕಟ್ಟಿ ಇಡಾಕ ನಂದು ಪೂರಾ ಒಪ್ಪಿಗಿ ಐತಿ ಅಂತ ಬರಕೊಂಡು ಬಂದೇನಿ. ನಮ್ಮಪ್ಪನ ಹೆಸರು, ಸರ್ವೇ ನಂಬರು, ಎಲ್ಲಾ ಹಾಕೇನಿ. ನೋಡ್ರಿ.”

ನಾನು ನೋಡಿದೆ. ಸರ್ಕಾರಿ ನೆಲವನ್ನು ‘ನನ್ನ ಹೊಲ’ ಎಂದು ಬರೆದಿದ್ದರು. ಈ ಕಾಗದ ಬೇಡ ಎಂದೆ. ಅವರು ಮಾತ್ರ ಹೇಳುತ್ತಲೇ ಇದ್ದರು: ಹೊಲ ಹೋಗಿ ಮೂವತ್ತು ವರ್ಷದ ಮೇಲಾಯಿತು, ಸರ್ಕಾರದ ಕಾಗದದಲ್ಲಿ ಆ ನಂಬರನ್ನು ಕಂಡದ್ದು ಇದೇ ಮೊದಲು, ಗೋಡೆಯ ಮುಂದೆ ನಿಂತು ಮೊಮ್ಮಗಳಿಂದ ಎರಡೆರಡು ಸಲ ಓದಿಸಿ ಕೇಳಿದೆ ಎಂದು. ತಿಂಗಳು ಮುಗಿಯುವ ಹೊತ್ತಿಗೆ ಪಟ್ಟಿಯಲ್ಲಿದ್ದ ಪ್ರತಿಯೊಂದು ಹೊಲದ ಮನೆತನದವರೂ ಬಂದು ಒಪ್ಪಿಗೆ ಕೊಟ್ಟರು. ಬೇಡವೆಂದರೆ ಕೇಳಲಿಲ್ಲ. “ದೋಣಿ ಎಲ್ಲಾರದ್ದು, ನಾವು ಹಿಂದ ಉಳದ್ರ ಛಲೋ ಅಲ್ಲ,” ಎಂದರು. ಕೆಲವರು ನನ್ನನ್ನು ಬಿಟ್ಟು ನೇರ ಟಪಾಲು ವಿಭಾಗಕ್ಕೆ ಕೊಟ್ಟು, ಸ್ವೀಕೃತಿಯ ಠಸ್ಸೆ ಹಾಕಿಸಿಕೊಂಡು ಹೋದರು. ಠಸ್ಸೆ ಬಿದ್ದ ಕಾಗದವನ್ನು ಕಡತದಿಂದ ತೆಗೆಯುವ ಅಧಿಕಾರ ಯಾರಿಗೂ ಇಲ್ಲ.

ಒಂದು ತಕರಾರು ಬಂದಿದ್ದರೆ ಉತ್ತರ ಬರೆದು ಮುಗಿಸುತ್ತಿದ್ದೆ. ಎಲ್ಲರೂ ಒಪ್ಪಿದ್ದೇ ಮುಳುವಾಯಿತು. ಕಾನೂನು ವಿಭಾಗದ ಟಿಪ್ಪಣಿ ಬಂದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ: ಸ್ವಾಧೀನವಾದ ಸರ್ಕಾರಿ ಜಮೀನಿನ ಮೇಲೆ ಇಷ್ಟೊಂದು ಜನ ತಾವು ಮಾಲೀಕರೆಂದು ಲಿಖಿತವಾಗಿ ಹೇಳಿಕೊಂಡಿರುವುದರಿಂದ, ಆ ಸರ್ವೇ ನಂಬರುಗಳಲ್ಲಿ ಹಕ್ಕಿನ ವಿವಾದ ಇದೆಯೆಂದು ಭಾವಿಸಬೇಕಾಗುತ್ತದೆ, ವಿವಾದ ತೀರುವ ತನಕ ಅಲ್ಲಿ ಪರವಾನಿಗೆ ಕೊಡಲು ಬರುವುದಿಲ್ಲ. ವಿವಾದವಿಲ್ಲದೆ ಉಳಿದದ್ದು ಒಂದೇ ಒಂದು ನಂಬರು, ಎಫ್.ಆರ್.ಎಲ್. ಗೆರೆಗೆ ತಾಗಿದ ಗಾಯರಾಣ, ಅಂದರೆ ದನ ಮೇಯುವ ಸರ್ಕಾರಿ ಜಾಗ. ಅಲ್ಲಿಗೆ ಮಾತ್ರ ಪರವಾನಿಗೆ ಮಂಜೂರಾಯಿತು. ಅಷ್ಟೊತ್ತಿಗೆ ನೀರು ಅಲ್ಲಿಂದ ಫರ್ಲಾಂಗುಗಟ್ಟಲೆ ದೂರ ಸರಿದಿತ್ತು.

ನಮ್ಮ ಕಾರ್ಯನಿರ್ವಾಹಕ ಎಂಜಿನಿಯರರ ಮುಂದೆ ಹೋಗಿ ಕೂತೆ. ಶಾಂತವ್ವನ ವಿಷಯವನ್ನೂ ಹೇಳಿದೆ. ಅವರು ಧಾರವಾಡ ಕಡೆಯವರು, ಒಳ್ಳೆಯ ಮನುಷ್ಯ. ಫೋನು ಹಚ್ಚಿ ಅರ್ಧ ತಾಸು ಮೇಲಿನವರ ಜೊತೆ ಮಾತಾಡಿ ಕೆಳಗಿಟ್ಟರು.

“ಒಂದ ದಾರಿ ಐತ್ರಿ ಮೇಡಂ,” ಎಂದರು. “ಆ ಜನ ಎಲ್ಲಾ, ಈ ಜಮೀನಿನ ಮ್ಯಾಲ ನಮಗ ಯಾವ ಹಕ್ಕೂ ಇಲ್ಲ, ನಾವು ಸಾಗುವಳಿ ಮಾಡಂಗಿಲ್ಲ ಅಂತ ಬರಕೊಟ್ರ ವಿವಾದ ಮುಗೀತದ. ಬಾಕಿ ನಾ ನೋಡಕೋತೀನಿ.”

“ಸಾಗುವಳಿ ಮಾಡಂಗಿಲ್ಲ ಅನ್ನೂ ಮಾತು ಬಿಡಬಹುದೇನ್ರಿ ಸರ್?”

“ಅದನ್ನ ಬಿಟ್ರ ವಿವಾದ ಉಳೀತದಲ್ರಿ.”

ಅವರು ಹೇಳಿದ್ದು ಸರಿಯಾಗಿತ್ತು. ನಾನೇ ಆ ಬರಹದ ಕರಡು ಮಾಡಿದೆ, ಟೈಪು ಮಾಡಿಸಿದೆ, ಜೀಪಿನಲ್ಲಿ ಇಟ್ಟುಕೊಂಡು ಊರಿಗೆ ಹೋದೆ. ಹೋಳಿ ಮುಗಿದಿತ್ತು. ಜೋಳ ಕೊಯ್ದು ರಾಶಿ ಮಾಡಿ ಮನೆಗೆ ತಂದಿದ್ದರು. ಬೀಸಲು ಬಂದವರೆಲ್ಲ ಇರುತ್ತಾರೆಂದು ಶಾಂತವ್ವನ ಗಿರಣಿಯಲ್ಲೇ ಜನರನ್ನು ಕೂಡಿಸಿದೆ. ಅವಳು ಗಿರಣಿಯ ಚಕ್ರದ ಪಟ್ಟಿ ಬಿಚ್ಚಿ ಯಂತ್ರ ನಿಲ್ಲಿಸಿದಳು. ಸದ್ದು ನಿಂತ ಮೇಲೆ ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಸಹಿ ಮಾಡಿದರೆ ಅಟ್ಟ ಉಳಿಯುತ್ತದೆ. ಮಾಡಿದರೆ ಮುಂದಿನ ವರ್ಷದಿಂದ ಆ ನೆಲದಲ್ಲಿ ಬಿತ್ತುವಂತಿಲ್ಲ, ಬಿತ್ತಿದರೆ ಕೇಸು. ಎರಡನ್ನೂ ಮುಚ್ಚಿಡದೆ ಹೇಳಿದೆ.

ಆ ಊರಿನ ಬಹಳ ಮನೆಗಳಿಗೆ ವರ್ಷದ ಜೋಳ ಬರುವುದೇ ಆ ಹಸಿ ನೆಲದಿಂದ. ಪುನರ್ವಸತಿಯಲ್ಲಿ ಸಿಕ್ಕ ಮೇಲಿನ ಭೂಮಿ ಕಲ್ಲು ಮರಡಿ.

ಚನ್ನಪ್ಪ ಮುತ್ಯಾ ಕೊನೆಗೆ ಕೈ ಚಾಚಿದರು. “ಕೊಡ್ರಿ ಪೆನ್ನ. ಮೊದಲ ನಾ ಮಾಡ್ತೇನಿ. ಆಕಿ ಜೀವಕ್ಕಿಂತ ಹೊಲ ದೊಡ್ಡದೇನ್ರಿ?”

ಅವರ ಹಿಂದೆ ಒಬ್ಬೊಬ್ಬರೇ ಎದ್ದರು. ಇದು ನಾನು ಕಣ್ಣಾರೆ ಕಂಡದ್ದು. ಮನಸ್ಸಿಲ್ಲದ ಮನಸ್ಸಿನಿಂದಲೇ ಎದ್ದರು, ಆದರೂ ಎದ್ದರು. ಕೆಲಸ ಆಯಿತೆಂದು ಒಳಗೊಳಗೇ ಹಿಗ್ಗಿದೆನೆಂಬುದೂ ನಿಜ.

ಶಾಂತವ್ವ ಬಂದು ನನ್ನ ಕೈಯಿಂದ ಕಾಗದದ ಕಟ್ಟು ತೆಗೆದುಕೊಂಡು ಜೋಳದ ಚೀಲದ ಮೇಲಿಟ್ಟು, ಅದರ ಮೇಲೆ ತಾನೇ ಕೂತಳು.

“ಮುತ್ಯಾ, ಕುಂದರ್ರಿ,” ಎಂದಳು. “ಎಲ್ಲಾರೂ ಕುಂದರ್ರಿ. ಯಾರೂ ಸಹಿ ಮಾಡೂದು ಬ್ಯಾಡ.”

“ಹುಚ್ಚರಂಗ ಮಾಡಬ್ಯಾಡ ತಂಗಿ,” ಎಂದ ಇಮಾಮಸಾಬ. “ಅಟ್ಟ ಹೋದ್ರ ಹುದುಲಾಗ ಹ್ಯಾಂಗ ನಡೀತಿ? ರಸ್ತಾದಾಗ ಹೋಗಿ ಬಂದ್ರ ನಿನಗ ತಡ್ಯಾಕ ಆಗತೈತೇನು?”

“ಇಮಾಮಣ್ಣ, ನಾ ಇನ್ನ ಎಷ್ಟ್ ವರ್ಷ ಇರತೇನಿ ಹೇಳು. ಎರಡು? ಭಾಳ ಅಂದ್ರ ನಾಕು? ನಾ ಹ್ವಾದ ಮ್ಯಾಲ ಈ ಕಾಗದ ಹೋಗತೈತೇನು? ಇವರ ಜ್ವಾಳ ಬೀಸೇ ನಾ ಉಂಡೇನಿ. ಇವರ ಮಕ್ಕಳಿಗೆ ಜ್ವಾಳ ಇಲ್ಲದಂಗ ಮಾಡಿ ನಾ ಎಲ್ಲೆ ಹೋಗ್ಲಿ?”

ನಾನು ಏನೋ ಹೇಳಲು ಹೋದೆ. “ಬಾಯಾರ, ನೀವು ಭಾಳ ಓಡ್ಯಾಡೀರಿ. ಚಾ ಕುಡದು ಹೋಗ್ರಿ,” ಎಂದು ನನ್ನ ಬಾಯಿ ಮುಚ್ಚಿಸಿದಳು. ಆಮೇಲೆ ಎದ್ದು ಪಟ್ಟಿ ಏರಿಸಿ ಗಿರಣಿ ಶುರು ಮಾಡಿದಳು. ಆ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಲಿಲ್ಲ. ಸಹಿಯಾಗದ ಕಾಗದಗಳನ್ನು ನಾನು ವಾಪಸು ತಂದೆ.

ಯುಗಾದಿಯಾದ ವಾರ ಅಟ್ಟ ತೆಗೆಸುವ ಆದೇಶಕ್ಕೆ ನಾನೇ ಸಹಿ ಹಾಕಿದೆ. ಹಾಕದಿದ್ದರೆ ಇಮಾಮಸಾಬನ ದೋಣಿಯ ಲೈಸೆನ್ಸೇ ಹೋಗುತ್ತಿತ್ತು. ಜೆಸಿಬಿ ಬೇಡವೆಂದು ಅವನೇ ಹೇಳಿದ. ನಮ್ಮ ಸಿಬ್ಬಂದಿ ದಡದಲ್ಲಿ ನಿಂತು ಫೋಟೊ ತೆಗೆಯುತ್ತಿರುವಾಗ, ತಾನು ಕಟ್ಟಿದ ಹಗ್ಗದ ಗಂಟುಗಳನ್ನು ತಾನೇ ಒಂದೊಂದಾಗಿ ಬಿಚ್ಚಿದ. ಕೊಯ್ಯಬಹುದಿತ್ತು, ಕೊಯ್ಯಲಿಲ್ಲ. ಡ್ರಮ್ಮುಗಳನ್ನು ಊರಿನ ಹೆಂಗಸರು ನೀರು ತುಂಬಿಡಲು ಒಯ್ದರು. ಅಂದು ಯಾರೂ ನಮಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮುಂದಿನ ಕೆಲವು ವಾರ ಊರಿನ ಹುಡುಗರು ಶಾಂತವ್ವನನ್ನು ಹೊರಸು ಎನ್ನುವ ಹಗ್ಗದ ಮಂಚದ ಮೇಲೆ ಕೂರಿಸಿ, ಹುದುಲಿನಲ್ಲಿ ಹೊತ್ತು ದೋಣಿಗೆ ಮುಟ್ಟಿಸಿದರು. “ಸತ್ತ ಮ್ಯಾಲ ಹೊರಾವ್ರು ಈಗ ಹೊರಾಕತ್ತಾರ, ರೂಢಿ ಆಗಲಿ ಬಿಡ್ರಿ,” ಎಂದು ಅವಳೇ ಚೇಷ್ಟೆ ಮಾಡುತ್ತಿದ್ದಳಂತೆ. ಒಂದು ದಿನ ಮುಂದಿನವನ ಕಾಲು ಹೂತು ಹೊರಸು ವಾಲಿತು. ಸೂಜಿ ಚುಚ್ಚುವ ಕೈಯೇ ಕೆಳಗಾಗಿ ಬಿದ್ದಳು. ಆ ಕೈಯ ನರ ಕೆಟ್ಟರೆ ಡಯಾಲಿಸಿಸ್ ಆಗುವುದಿಲ್ಲ. ಪುಣ್ಯಕ್ಕೆ ಕೆಡಲಿಲ್ಲ. ಅಂದಿನಿಂದ ಹೊರಸು ನಿಂತಿತು. ರಸ್ತೆಯಲ್ಲಿ ಎರಡು ಸಲ ಹೋಗಿಬಂದಳು. ಎರಡು ಸಲವೂ ಬರುವಾಗ ಬಸ್ಸಿನಲ್ಲಿ ಎಚ್ಚರ ತಪ್ಪಿತು. ಗಿರಣಿಗೆ ಕೀಲಿ ಹಾಕಿ ಬಾಗೇವಾಡಿಯಲ್ಲಿ ಆಸ್ಪತ್ರೆಯ ಹಿಂದೆ ಒಂದು ಖೋಲಿ ಹಿಡಿದಳು.

ನಾನು ಅಲ್ಲಿಗೆ ಹೋಗಿದ್ದೆ, ಹಣ್ಣು ತೆಗೆದುಕೊಂಡು. ಅಂಥವರಿಗೆ ಹಣ್ಣು ಕೊಡಬಾರದೆಂದೂ ನನಗೆ ಗೊತ್ತಿರಲಿಲ್ಲ. ಅವಳು ನಕ್ಕು ಅದನ್ನು ಪಕ್ಕದ ಖೋಲಿಯವರಿಗೆ ಕೊಟ್ಟಳು. ಊರಿನಿಂದ ಇಮಾಮಸಾಬ ಜೋಳದ ಹಿಟ್ಟು ತಂದುಕೊಟ್ಟಿದ್ದ, ಬೇರೆ ಊರಿನ ಗಿರಣಿಯಲ್ಲಿ ಬೀಸಿದ್ದು. ಚೀಲದಿಂದ ಒಂದು ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿ ತೋರಿಸಿದಳು.

“ಹಿಟ್ಟು ಕಾಯ್ದೈತಿ ನೋಡ್ರಿ. ಗಿರಣಿ ಜೋರ್ ಬಿಟ್ಟಾನ. ರೊಟ್ಟಿ ಬಡ್ಯಾಕ ಬರಂಗಿಲ್ಲ ಇದು, ಹರೀತೈತಿ.” ಆಮೇಲೆ ದನಿ ತಗ್ಗಿಸಿ ಕೇಳಿದಳು, “ಊರಾಗ ಎಲ್ಲಾರೂ ಹಿಂತಾದ್ದ ಉಣ್ಣಾಕತ್ತಾರೇನ್ರಿ?”

ಹೌದೆಂದೆ. ಅವಳ ಮುಖ ಸಣ್ಣದಾಯಿತು. ಅಟ್ಟ ಹೋದಾಗಲೂ ಊರು ಬಿಟ್ಟಾಗಲೂ ಅತ್ತಿರದವಳು ಅಂದು ಸೆರಗಿನಿಂದ ಕಣ್ಣು ಒತ್ತಿಕೊಂಡಳು. ತಿರುಗಿ ಬಂದು, ‘ಚಲಿಸುವ ಕಟ್ಟೆ’ಗೆ ನಿಯಮದಲ್ಲೇ ಬೇರೆ ಅವಕಾಶ ಬೇಕೆಂದು ಮತ್ತೊಂದು ಪ್ರಸ್ತಾವ ಬರೆದೆ. ನಾನು ನಿವೃತ್ತಳಾದ ದಿನವೂ ಅದು ‘ಪರಿಶೀಲನೆಯಲ್ಲಿ’ ಇತ್ತು. ಈಗಲೂ ಇದೆಯಂತೆ.

ನೌಕರಿ ನನಗೆ ಕಲಿಸಿದ್ದೇನೆಂದು ಯಾರಾದರೂ ಕೇಳಿದರೆ, ಜಗಳವಾಡುವವರ ನಡುವೆ ದಾರಿ ಮಾಡುವುದನ್ನು ಕಲಿಸಿತು ಎನ್ನುತ್ತೇನೆ. ತಕರಾರಿಗೆ ನಮ್ಮಲ್ಲಿ ಅಂಕಣವಿದೆ, ಅವಧಿಯಿದೆ, ಮೇಲ್ಮನವಿಯಿದೆ. ಒಬ್ಬರಿಗಾಗಿ ಒಬ್ಬರು ಬಿಟ್ಟುಕೊಡಲು ನಿಂತ ಜನರ ನಡುವೆ ಏನು ಮಾಡಬೇಕೆಂದು ಮಾತ್ರ ಯಾವ ಸುತ್ತೋಲೆಯೂ ಹೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಶ್ರಾವಣದಲ್ಲಿ ನೀರು ಏರಿ, ಗಾಯರಾಣದಲ್ಲಿ ಕಟ್ಟಿದ ಪರವಾನಿಗೆಯ ಕಟ್ಟೆ ಮುಟ್ಟಿದಾಗ ಶಾಂತವ್ವ ಊರಿಗೆ ಬರುತ್ತಾಳೆ. ಗಿರಣಿಯ ಕೀಲಿ ತೆಗೆಯುತ್ತಾಳೆ. ಆಗ ಊರಿನವರ ಕಣಜದಲ್ಲಿ ಜೋಳ ಮುಗಿಯುತ್ತ ಬಂದಿರುತ್ತದೆ. ದೀಪಾವಳಿಯಾಗಿ ನೀರು ಕಟ್ಟೆ ಬಿಟ್ಟು ಸರಿಯತೊಡಗಿದ ದಿನ ಅವಳು ಗಂಟು ಕಟ್ಟಿ ಬಾಗೇವಾಡಿಗೆ ಹೊರಡುತ್ತಾಳೆ, ಊರಿನವರು ಬಿತ್ತಲು ಬೀಜ ತೆಗೆಯುತ್ತಾರೆ. ಎರಡಕ್ಕೂ ಅದೇ ದಿನ.